ಹಿಂದಿನ ಗಾಲಿಗೆ ಎಷ್ಟು?

ಮಾವಿನಗುಂಡಿ ದಾಟಿ ಮಲೆಮನೆ ಘಟ್ಟ ಇಳಿಯುತ್ತಿದ್ದೆ. ಜೂನ್ ತಿಂಗಳ ಮೊದಲ ಮಳೆ, ರಸ್ತೆಯ ತುಂಬ ತರಗೆಲೆ. ತಿರುವಿನಾಚೆ ಬಸ್ಸೊಂದು ನಿಂತಿತ್ತು. ಬ್ರೇಕ್ ಒತ್ತಿದೆ. ಮುಂದಿನ ಗಾಲಿಗಳು ಹಿಡಿದವು, ಹಿಂದಿನವು ಪೂರ್ತಿ ಜಾಮ್ ಆದವು. ಗಾಡಿಯ ಬೆನ್ನು ಕಣಿವೆಯ ಕಡೆಗೆ ಜಾರಿತು. ಪೆಡಲಿನಿಂದ ಕಾಲು ತೆಗೆದದ್ದಕ್ಕೆ ಉಳಿದೆ.

ಅಪ್ಪ ಓಡಿಸುತ್ತಿದ್ದ 1978ರ ಅಂಬಾಸಿಡರ್ ಅದು, ಮಾರ್ಕ್-3. ನಾಲ್ಕೂ ಗಾಲಿಗೆ ಡ್ರಮ್ ಬ್ರೇಕು. ಘಟ್ಟದ ಓಡಾಟಕ್ಕೆ ಅದು ಸಾಲದೆಂದು ಎರಡು ವಾರದ ಹಿಂದಷ್ಟೇ ಮುಂದಕ್ಕೆ ಡಿಸ್ಕ್ ಹಾಕಿಸಿದ್ದೆ, ಜೊತೆಗೆ ಬೂಸ್ಟರ್ ಕೂಡ. ಹಾಕಿದ ಗ್ಯಾರೇಜಿನವರು ಕೆಲಸ ಅಚ್ಚುಕಟ್ಟಾಗಿಯೇ ಮಾಡಿದ್ದರು. ಆದರೆ ಹೆಬ್ಬೆರಳು ಗಾತ್ರದ ಒಂದು ಹಿತ್ತಾಳೆಯ ತುಂಡನ್ನು ಬಿಟ್ಟಿದ್ದರು, ಇನ್ನೊಂದು ಚಿಕ್ಕ ರಬ್ಬರನ್ನು ತೆಗೆಯದೆ ಉಳಿಸಿದ್ದರು. ಈ ಎರಡರ ಬೆಲೆ ನನಗೆ ತಿಳಿದದ್ದು ಆ ಪ್ರಯಾಣದಲ್ಲಿ.

ಭಟ್ಕಳದ ಬೆಳಕೆಯಿಂದ ಕುಮಟೆಯವರೆಗಿನ ನಮ್ಮ ಕರಾವಳಿ ಅಗಲ ಕಡಿಮೆಯ ಪಟ್ಟಿ. ಮೂಡಣಕ್ಕೆ ಮುಖ ಮಾಡಿದರೆ ಎಲ್ಲೆಲ್ಲೂ ಘಟ್ಟವೇ: ಭಟ್ಕಳದಿಂದ ಸಾಗರಕ್ಕೆ ಕೋಗಾರು, ಹೊನ್ನಾವರದಿಂದ ಜೋಗಕ್ಕೆ ಮಲೆಮನೆ, ಕುಮಟೆಯಿಂದ ಶಿರಸಿಗೆ ದೇವಿಮನೆ. ಅಂಬಾಸಿಡರು, ಪದ್ಮಿನಿ, ಜೀಪುಗಳನ್ನು ಪ್ರೀತಿಯಿಂದ ಇಟ್ಟುಕೊಂಡ ಮನೆಗಳು ಇಲ್ಲಿ ಇನ್ನೂ ಇವೆ. ಇಂಥ ಗಾಡಿಗಳಿಗೆ ಡಿಸ್ಕ್ ಕೂರಿಸುವ ಆಸೆ ಸಹಜ. ಇಸುಜು ಇಂಜಿನ್ನಿನ ಕಾಲದ ಅಂಬಾಸಿಡರಿಗೆ ಮುಂದೆ ಡಿಸ್ಕ್ ಬಂದಿತ್ತಲ್ಲ, ಆ ಭಾಗಗಳು ಹಳೆಯದಕ್ಕೂ ಹೊಂದಿಕೊಳ್ಳುತ್ತವೆ. ಕಷ್ಟವಿರುವುದು ಡಿಸ್ಕ್ ಮತ್ತು ಡ್ರಮ್ ಎರಡನ್ನೂ ಒಂದೇ ಪೆಡಲಿಗೆ ಒಗ್ಗಿಸುವುದರಲ್ಲಿ.

ಇವೆರಡರ ಸ್ವಭಾವವೇ ಬೇರೆ. ಇಳಿಜಾರಿನಲ್ಲಿ ಎತ್ತಿನಗಾಡಿಯ ಗಾಲಿಗೆ ಅಡ್ಡಗಲ್ಲು ಇಟ್ಟವರಿಗೆ ಡ್ರಮ್ಮಿನ ಗುಟ್ಟು ಗೊತ್ತು: ಗಾಲಿ ಉರುಳಲು ನೋಡಿದಷ್ಟೂ ಕಲ್ಲು ಬಿಗಿಯಾಗಿ ಕಚ್ಚುತ್ತದೆ. ಡ್ರಮ್ಮಿನ ಒಳಗಿನ ಮುಂಚೂಣಿ ಶೂ ಮಾಡುವುದು ಅದನ್ನೇ. ತಿರುಗುವ ಡ್ರಮ್ಮೇ ಅದನ್ನು ಒಳಗೆಳೆದು ಒತ್ತಿಸುತ್ತದೆ, ಆದ್ದರಿಂದ ಕಾಲಿನ ಒತ್ತಡ ಸ್ವಲ್ಪ ಸಾಕು. ಡಿಸ್ಕಿಗೆ ಈ ಅನುಕೂಲವಿಲ್ಲ. ಎರಡು ಪ್ಯಾಡು ತಟ್ಟೆಯನ್ನು ಚಿವುಟಿ ಹಿಡಿಯಬೇಕು, ಅದಕ್ಕೆ ಹೆಚ್ಚು ಒತ್ತಡ ಬೇಕು. ಬೂಸ್ಟರ್ ಬೇಕಾಗುವುದು ಇದಕ್ಕೇ. ಆದರೆ ಘಟ್ಟದಲ್ಲಿ ಡಿಸ್ಕೇ ಮೇಲು. ಕಾದಾಗ ಡ್ರಮ್ಮು ಹಿಗ್ಗಿ ಶೂವಿನಿಂದ ದೂರ ಸರಿಯುತ್ತದೆ, ‘ಬ್ರೇಕ್ ಕೆಳಗೆ ಹೋಯ್ತು’ ಎನ್ನುತ್ತೇವಲ್ಲ, ಅದು ಇದು. ಡಿಸ್ಕು ಕಾದರೆ ಪ್ಯಾಡಿನ ಕಡೆಗೇ ದಪ್ಪವಾಗುತ್ತದೆ. ನೀರು ಬಿದ್ದರೂ ತಿರುಗುತ್ತಲೇ ಕೊಡವಿಕೊಳ್ಳುತ್ತದೆ.

ಈ ಡಿಸ್ಕಿನ ಇತಿಹಾಸವೂ ಚಿಕ್ಕದಲ್ಲ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಇದರ ಪೇಟೆಂಟ್ ಪಡೆದದ್ದು 1902ರಲ್ಲಿ. ಲೋಕಕ್ಕೆ ನಂಬಿಕೆ ಬಂದದ್ದು ಡನ್ಲಪ್ ಡಿಸ್ಕ್ ಹೊತ್ತ ಜಾಗ್ವಾರ್ ಸಿ-ಟೈಪ್ 1953ರ ಲ ಮಾನ್ ಪಂದ್ಯ ಗೆದ್ದ ಮೇಲೆ. 1955ರ ಸಿಟ್ರೊಯೆನ್ ಡಿಎಸ್ ಮುಂದೆ ಡಿಸ್ಕ್ ಇಟ್ಟುಕೊಂಡೇ ಬಂತು. ಅದರ ಎರಡು ಮೂರು ವರ್ಷಕ್ಕೆ ನಮ್ಮ ಅಂಬಾಸಿಡರ್ ಉತ್ತರಪಾರಾ ಕಾರ್ಖಾನೆಯಿಂದ ಹೊರಬಿತ್ತು, ಡ್ರಮ್ಮಿನೊಂದಿಗೆ.

ಈಗ ಆ ಹಿತ್ತಾಳೆಯ ತುಂಡಿಗೆ, ಅಂದರೆ ವಾಲ್ವಿಗೆ ಬರುತ್ತೇನೆ.

ಬ್ರೇಕ್ ಒತ್ತಿದಾಗ ಗಾಡಿಯ ಭಾರ ಮುಂದಕ್ಕೆ ವಾಲುತ್ತದೆ, ಇಳಿಜಾರಿನಲ್ಲಂತೂ ಇನ್ನಷ್ಟು. ಹಿಂದಿನ ಗಾಲಿ ಹಗುರಾಗುತ್ತದೆ. ಹಗುರಾದ ಗಾಲಿಗೆ ಡಿಸ್ಕಿಗೆ ಬೇಕಾದಷ್ಟೇ ಒತ್ತಡ ಹೋದರೆ, ತಾನೇ ಕಚ್ಚುವ ಡ್ರಮ್ಮು ಗಾಲಿಯನ್ನು ನಿಲ್ಲಿಸಿಬಿಡುತ್ತದೆ. ಮುಂದಿನ ಗಾಲಿ ಜಾಮ್ ಆದರೆ ಗಾಡಿ ನೆಟ್ಟಗೆ ಜಾರುತ್ತದೆ, ಹಿಂದಿನದು ಮೊದಲು ಜಾಮ್ ಆದರೆ ತಿರುಗಿ ನಿಲ್ಲುತ್ತದೆ. ನನಗಾದದ್ದು ಇದು. ಇದನ್ನು ತಡೆಯುವುದು ಹಿಂದಿನ ಪೈಪಿಗೆ ಹಾಕುವ ಪ್ರಪೋರ್ಶನಿಂಗ್ ವಾಲ್ವ್.

ಇದು ಹಿಂದಿನ ಒತ್ತಡವನ್ನು ಸದಾ ಕಡಿಮೆ ಮಾಡುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ. ಅಡಿಕೆ ತೋಟದ ಕಾಲುವೆಯಲ್ಲಿ ನೀರು ಒಂದು ಮಟ್ಟದವರೆಗೆ ನೇರ ಹರಿದು, ಮಟ್ಟ ಏರಿದ ಮೇಲೆ ಒಂದು ಪಾಲು ಮಾತ್ರ ಕಟ್ಟಿನಾಚೆ ಹೋಗುವ ಹಾಗೆ ಇದರ ಕೆಲಸ. ಮೆಲ್ಲಗೆ ಒತ್ತಿದಾಗ ಮುಂದೆ ಹಿಂದೆ ಒಂದೇ ಒತ್ತಡ. ಒಂದು ಬಿಂದು ದಾಟಿದ ಮೇಲೆ ಮುಂದೆ ಏರಿದಷ್ಟು ಹಿಂದೆ ಏರಲು ಬಿಡುವುದಿಲ್ಲ. ಆ ಬಿಂದು ಎಲ್ಲಿರಬೇಕು ಎಂಬುದನ್ನು ಗಾಡಿಯ ತೂಕ, ಟೈರು, ಶೂವನ್ನು ತಳ್ಳುವ ಹಿಂದಿನ ವೀಲ್ ಸಿಲಿಂಡರಿನ ಗಾತ್ರ ಎಲ್ಲ ಸೇರಿ ತೀರ್ಮಾನಿಸುತ್ತವೆ. ಮಾರ್ಪಡಿಸಿದ ಹಳೆಯ ಗಾಡಿಗೆ ಕಂಪನಿ ಹಾಕಿಕೊಟ್ಟ ಲೆಕ್ಕ ಇರುವುದಿಲ್ಲವಾದ್ದರಿಂದ, ತಿರುಪಿನಿಂದ ಹೊಂದಿಸಬಹುದಾದ ವಾಲ್ವೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ನನ್ನದನ್ನು ಭಟ್ಕಳದ ಗೆಳೆಯರೊಬ್ಬರು ದುಬೈಯಿಂದ ಬರುವಾಗ ತಂದುಕೊಟ್ಟರು.

ಇನ್ನೊಂದು, ಆ ರಬ್ಬರಿನ ಕತೆ. ಘಟ್ಟ ಹತ್ತಿ ಹೋಗುವ ಮೊದಲೇ ಗೇರುಸೊಪ್ಪೆಯಲ್ಲಿ ಮುಂದಿನ ಗಾಲಿಯಿಂದ ಸುಟ್ಟ ವಾಸನೆ ಬಂದಿತ್ತು. ಹೊಸ ಪ್ಯಾಡು ಹೊಂದಿಕೊಳ್ಳುತ್ತಿದೆ ಎಂದುಕೊಂಡೆ. ನಿಜ ಸಂಗತಿ ಬೇರೆ. ಡ್ರಮ್ ಗಾಡಿಯ ಮಾಸ್ಟರ್ ಸಿಲಿಂಡರಿನ ಬಾಯಲ್ಲಿ ರೆಸಿಡ್ಯುಅಲ್ ವಾಲ್ವ್ ಎಂಬ ಪುಟ್ಟ ರಬ್ಬರ್ ತಡೆ ಇರುತ್ತದೆ. ಕಾಲು ತೆಗೆದ ಮೇಲೂ ಅದು ಪೈಪಿನಲ್ಲಿ ಸುಮಾರು 10 ಪಿಎಸ್ಐ ಒತ್ತಡ ಉಳಿಸುತ್ತದೆ. ವೀಲ್ ಸಿಲಿಂಡರಿನ ರಬ್ಬರ್ ಕಪ್ ಅದರ ಗೋಡೆಗೆ ಒತ್ತಿ ನಿಂತು, ಗಾಳಿ ಒಳಬರದಿರಲಿ ಎಂದು. ಡ್ರಮ್ಮಿನಲ್ಲಿ ಬಲವಾದ ಸ್ಪ್ರಿಂಗು ಶೂವನ್ನು ಎಳೆದುಕೊಳ್ಳುವುದರಿಂದ ತೊಂದರೆಯಿಲ್ಲ. ಡಿಸ್ಕಿಗೆ ಅಂಥ ಸ್ಪ್ರಿಂಗ್ ಇಲ್ಲ, ಪ್ಯಾಡು ತಟ್ಟೆಗೆ ಉಜ್ಜುತ್ತಲೇ ಇರುತ್ತದೆ. ಡಿಸ್ಕಿನ ದಾರಿಯಿಂದ ಆ ತಡೆಯನ್ನು ತೆಗೆಯಲೇಬೇಕು. ಮಾರಿಸ್ ಮೈನರಿನಂತೆ ಮಾಸ್ಟರ್ ಸಿಲಿಂಡರ್ ಪಾದದಡಿ, ನೆಲದ ಕೆಳಗಿರುವ ಗಾಡಿಯಾದರೆ ಮಾತ್ರ 2 ಪಿಎಸ್ಐಯ ಬೇರೊಂದು ವಾಲ್ವ್ ಬೇಕು. ಇಲ್ಲದಿದ್ದರೆ ಎಣ್ಣೆ ಪ್ಯಾಡನ್ನು ಒತ್ತುವ ಕ್ಯಾಲಿಪರಿನಿಂದ ಹಿಂದಕ್ಕೆ ಇಳಿದು ಪೆಡಲ್ ಸಡಿಲಾಗುತ್ತದೆ.

ಮೀಟರಿಂಗ್ ವಾಲ್ವ್ ಎಂಬ ಮೂರನೆಯದೂ ಇದೆ. ಹಿಂದಿನ ಶೂ ಸ್ಪ್ರಿಂಗನ್ನು ಮೀರಿ ಡ್ರಮ್ಮಿಗೆ ತಾಗುವವರೆಗೆ ಅದು ಮುಂದಿನ ಡಿಸ್ಕನ್ನು ಕ್ಷಣಕಾಲ ತಡೆದಿರುತ್ತದೆ. ಅಮೆರಿಕದ ಹಳೆಯ ಭಾರೀ ಕಾರುಗಳಲ್ಲಿ ಸಾಮಾನ್ಯವಾಗಿತ್ತು. ಪ್ರಪೋರ್ಶನಿಂಗ್, ಮೀಟರಿಂಗ್ ಎರಡನ್ನೂ ಎಚ್ಚರಿಕೆಯ ಸ್ವಿಚ್ಚನ್ನೂ ಒಂದೇ ಹಿತ್ತಾಳೆಯ ಗಟ್ಟಿಯಲ್ಲಿ ಸೇರಿಸಿದ್ದು ಕಾಂಬಿನೇಶನ್ ವಾಲ್ವ್. ಅದನ್ನು ಹಾಕಿದರೆ ಮತ್ತೊಂದು ಪ್ರಪೋರ್ಶನಿಂಗ್ ವಾಲ್ವ್ ಸೇರಿಸಬಾರದು, ಹಿಂದಿನ ಬ್ರೇಕು ಸತ್ತೇ ಹೋದೀತು.

ಮೀನು ತುಂಬಿದ ಪಿಕಪ್ ಗಾಡಿಯ ಕೆಳಗೆ ಬಗ್ಗಿ ನೋಡಿದರೆ ಕೆಲವಕ್ಕೆ ಹಿಂದಿನ ಆಕ್ಸಲ್ಲಿನಿಂದ ಮೇಲಿನ ವಾಲ್ವಿಗೆ ಕಟ್ಟಿದ ಸಪೂರ ಕಂಬಿ ಕಾಣುತ್ತದೆ. ಭಾರಕ್ಕೆ ಗಾಡಿ ಕುಗ್ಗಿದಷ್ಟೂ ಕಂಬಿ ವಾಲ್ವನ್ನು ತೆರೆದು ಹಿಂದಕ್ಕೆ ಹೆಚ್ಚು ಒತ್ತಡ ಬಿಡುತ್ತದೆ. ಬಂಗಡೆಯ ಬುಟ್ಟಿ ಇಳಿಸಿದ ಮೇಲೆ ತಾನೇ ಕಡಿಮೆ ಮಾಡುತ್ತದೆ. ಎಷ್ಟು ಚೆಂದದ ಬುದ್ಧಿ! ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿ ಎಲ್ಲರೂ ಹಳೆಯ ಕಾರುಗಳ ಲ್ಯಾಂಪು, ಬಾನೆಟ್ಟು ನೋಡುವಾಗ ನಾನು ಬಗ್ಗಿ ಗಾಲಿಯ ಒಳಬದಿ ನೋಡಿದವನು.

ವಾಲ್ವ್ ಎಷ್ಟೇ ಒಳ್ಳೆಯದಿದ್ದರೂ ನಮ್ಮ ಕಡೆ ಅದನ್ನು ಕೊಲ್ಲುವುದು ಹವೆ. ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ, ಉಳಿದ ದಿನ ಉಪ್ಪುಗಾಳಿ. ಬ್ರೇಕ್ ಎಣ್ಣೆ ಗಾಳಿಯ ತೇವ ಹೀರುತ್ತದೆ. ಡಾಟ್ 3 ಎಣ್ಣೆ ಹೊಸದಿದ್ದಾಗ 205 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ನಿಯಮ, ತೇವ ಕುಡಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ 230 ಮತ್ತು 155. ಘಟ್ಟದಲ್ಲಿ ಕುದಿದ ಎಣ್ಣೆಯ ಆವಿಯ ಮೇಲೆ ಪೆಡಲ್ ಒತ್ತಿದರೆ ಕಾಲು ನೆಲಕ್ಕೇ ಹೋಗುತ್ತದೆ. ಅದೇ ತೇವ ವಾಲ್ವಿನೊಳಗಿನ ಪಿಸ್ಟನ್ನಿಗೆ ತುಕ್ಕು ಹಿಡಿಸಿ ಅಂಟಿಸುತ್ತದೆ. ಕರಾವಳಿಯವರು ಪ್ರತಿ ಮಳೆಗಾಲಕ್ಕೆ ಮೊದಲು ಎಣ್ಣೆ ಬದಲಿಸಿ ಎಂದು ಕೈಮುಗಿದು ಹೇಳುತ್ತೇನೆ. ಉಕ್ಕಿನ ಪೈಪು ಬದಲಿಸುವಾಗ ತಾಮ್ರ-ನಿಕಲ್ ಮಿಶ್ರಲೋಹದ್ದು ಹಾಕಿಸಿ.

ಕಾನೂನೂ ಗಮನದಲ್ಲಿರಲಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಮೂಲ ರೂಪ ಬದಲಿಸುವುದಕ್ಕೆ ಕಟ್ಟುಪಾಡು ಹಾಕಿದೆ. 50 ವರ್ಷ ದಾಟಿದ ಗಾಡಿಗೆ 2021ರ ನಿಯಮದಂತೆ ‘ವಿಎ’ ಅಕ್ಷರಗಳ ವಿಂಟೇಜ್ ನಂಬರು ಬೇಕೆನ್ನುವವರು ಅದನ್ನು ಮೂಲ ರೂಪದಲ್ಲೇ ಉಳಿಸಬೇಕು. ಅಂಥವರು ಡಿಸ್ಕಿನ ಆಸೆ ಬಿಟ್ಟು ಡ್ರಮ್ಮನ್ನೇ ಟರ್ನಿಂಗ್ ಮಾಡಿಸಿ, ಲೈನರು ಸರಿಯಾಗಿ ಕೂರಿಸಿಕೊಂಡರೆ ಚೆನ್ನ. ಉಳಿದವರು ಕೈ ಹಾಕುವ ಮೊದಲು ಸಾರಿಗೆ ಕಚೇರಿಯಲ್ಲಿ ಕೇಳಿಕೊಳ್ಳಬೇಕು.

ನನ್ನ ಗಾಡಿಯನ್ನು ಕೊನೆಗೆ ಸರಿಮಾಡಿದ್ದು ಹೊನ್ನಾವರದ ಒಬ್ಬ ವಯಸ್ಸಾದ ಮೇಸ್ತ್ರಿ. ಮಾಸ್ಟರ್ ಸಿಲಿಂಡರ್ ಬಿಚ್ಚಿ ಮುಂದಿನ ದಾರಿಯ ತಡೆ ತೆಗೆದರು, ಹಿಂದಿನದನ್ನು ಹಾಗೇ ಇಟ್ಟರು. ಹಿಂದಿನ ಪೈಪಿಗೆ ವಾಲ್ವ್ ಸೇರಿಸಿದರು. ಏರ್ ತೆಗೆದರು. ತಿರುಪನ್ನು ಹಿಂದಕ್ಕೆ ಅತಿ ಕಡಿಮೆ ಹೋಗುವಲ್ಲಿ ಇಟ್ಟು, ಮಳೆ ನಿಂತ ಒಂದು ಬೆಳಿಗ್ಗೆ ಖಾಲಿ ಮೈದಾನಕ್ಕೆ ಹೊರಟೆವು. ಹಿಂದಿನ ಸೀಟಿನಲ್ಲಿ ಎರಡು ಅಕ್ಕಿ ಚೀಲ, ಯಾಕೆಂದರೆ ಆ ಗಾಡಿ ಖಾಲಿ ಓಡುವುದೇ ಅಪರೂಪ. 40 ಕಿ.ಮೀ. ವೇಗದಲ್ಲಿ ನಾನು ಬ್ರೇಕ್ ಒತ್ತುವುದು, ಅವರು ಬದಿಯಲ್ಲಿ ಕೂತು ಗಾಲಿ ನೋಡುವುದು. ಪ್ರತಿಸಲ ಅರ್ಧ ಸುತ್ತು ತಿರುಪು. ಏಳನೆಯ ಸಲ ಹಿಂದಿನ ಗಾಲಿ ಮುಂದಿನದಕ್ಕಿಂತ ಮೊದಲು ಕಿರುಗುಟ್ಟಿತು. ಅರ್ಧ ಸುತ್ತು ವಾಪಸ್. ಮುಂದಿನದು ಮೊದಲಾಯಿತು. ಇನ್ನೂ ಕಾಲು ಸುತ್ತು ಅದೇ ಕಡೆಗೆ ತಿರುಗಿಸಿ, ‘ಅಕ್ಕಿ ಇಳಿಸಿದ ದಿವಸಕ್ಕೆ’ ಎಂದರು.

ಆಮೇಲೆ ಮೊಮ್ಮಗಳ ಉಗುರುಬಣ್ಣದ ಬಾಟಲಿಯನ್ನು ಜೇಬಿನಿಂದ ತೆಗೆದು, ತಿರುಪಿನ ತಲೆಯಿಂದ ವಾಲ್ವಿನ ಮೈವರೆಗೆ ಒಂದು ಕೆಂಪು ಗೆರೆ ಎಳೆದರು.