ಬೆಸೆದ ಗಾಜು

ಲಾಟೀನಿನ ಬುರುಡೆ ಒಡೆದರೆ ಹೊಸದನ್ನು ತರುವುದು ನಮ್ಮ ವಾಡಿಕೆ. ಒಡೆದ ಗಾಜನ್ನು ಬೆಸೆಯುವ ಗೋಜಿಗೆ ಯಾರೂ ಹೋಗುವುದಿಲ್ಲ. ಆದರೆ ಒಡೆದದ್ದು ಮತ್ತೆ ಸಿಗದಂಥ ಬುರುಡೆಯಾದರೆ? ಅಮೆರಿಕದಲ್ಲಿ ನಾನಿದ್ದ ವರ್ಷಗಳಲ್ಲಿ ಈ ಪ್ರಶ್ನೆ ನನಗೆ ಎದುರಾಯಿತು.

1910ರ ದಶಕದಿಂದ ಆ ದೇಶದ ಪೆಟ್ರೋಲು ಪಂಪುಗಳ ನೆತ್ತಿಯ ಮೇಲೆ ಹಾಲುಬಣ್ಣದ ಗಾಜಿನ ಬುರುಡೆಯನ್ನಿಟ್ಟು, ಒಳಗೆ ವಿದ್ಯುದ್ದೀಪ ಹೊತ್ತಿಸುವ ಪದ್ಧತಿ ಹರಡಿತು. ಕತ್ತಲ ದಾರಿಯಲ್ಲಿ ಬರುವವನಿಗೆ ಕಂಪನಿಯ ಗುರುತು ದೂರದಿಂದಲೇ ಕಾಣಬೇಕು. ಷೆಲ್ ಕಂಪನಿಯದು ಕಪ್ಪೆಚಿಪ್ಪಿನ ಆಕಾರ; ಇಂಡಿಯಾನಾದ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯದು ಕಿರೀಟ. ಮೊದಲಿನವು ಒಂದೇ ಅಖಂಡ ಗಾಜು. ಬಳಿಕ ಬಂದವುಗಳಲ್ಲಿ ನಡುವೆ ಲೋಹದ ಅಥವಾ ಗಾಜಿನ ಚೌಕಟ್ಟು, ಎರಡೂ ಪಕ್ಕಕ್ಕೆ ಬರಹವುಳ್ಳ ದುಂಡು ಫಲಕಗಳು. ಎರಡನೆಯ ಮಹಾಯುದ್ಧದ ನಂತರ ಪಂಪುಗಳ ರೂಪ ಬದಲಾಗುತ್ತ ಬುರುಡೆಗಳು ಕೆಳಗಿಳಿದವು. ಇಂದು ಅವು ಸಂಗ್ರಾಹಕರ ಸ್ವತ್ತು.

ನನ್ನಲ್ಲಿದ್ದದ್ದು ಅಖಂಡ ಜಾತಿಯದು. ಕತ್ತನ್ನು ಹಿಡಿಯುವ ತಿರುಪುಗಳನ್ನು ಯಾರೋ ಅತಿಯಾಗಿ ಬಿಗಿದು, ಅಲ್ಲೊಂದು ಚೂರು ಹಾರಿ, ಮೇಲೆ ಅಂಗೈಯಗಲದ ತುಂಡು ಬೇರ್ಪಟ್ಟಿತ್ತು. ಗಾಜು ಒತ್ತಡವನ್ನು ತಾಳುವಷ್ಟು ಎಳೆತವನ್ನು ತಾಳದು. ಕಣ್ಣಿಗೆ ಕಾಣದ ಗೀರಿನ ತುದಿಯಲ್ಲಿ ಎಳೆತ ಒಟ್ಟುಗೂಡಿ ಬಿರುಕು ಓಡುತ್ತದೆ. ಇಂಗ್ಲಿಷ್ ಎಂಜಿನಿಯರ್ ಗ್ರಿಫಿತ್ 1921ರ ತಮ್ಮ ಪ್ರಬಂಧದಲ್ಲಿ ವಿವರಿಸಿದ್ದು ಇದನ್ನೇ.

ಒಡೆದ ಅಂಚುಗಳನ್ನು ಮಾತ್ರ ಅಸಿಟೋನಿನಿಂದ ಶುಚಿಮಾಡಿದೆ. ಬರಹಕ್ಕೆ ತಾಗಿದರೆ ಬಣ್ಣ ಕರಗೀತು. ತುಂಡನ್ನು ಕೂರಿಸಿ, ಅಂಟುಪಟ್ಟಿಯಿಂದ ಹಿಡಿಸಿ, ಗಾಜಿಗೆಂದೇ ತಯಾರಾದ ತೆಳುವಾದ ಎಪಾಕ್ಸಿಯನ್ನು ಸಂದಿನ ಬಾಯಿಗೆ ಮುಟ್ಟಿಸಿದೆ; ಅದು ತಾನಾಗಿ ಒಳಗೆ ಹರಿಯಿತು. ಹಾರಿದ ಚೂರಿನ ಜಾಗಕ್ಕೆ ಬಿಳಿಯ ಪುಡಿ ಬೆರೆಸಿದ ಅದೇ ಅಂಟು. ಗಟ್ಟಿಯಾಗಲು ಒಂದು ವಾರ ಕಾದೆ. ಹಗಲಿನಲ್ಲಿ ಬುರುಡೆ ಒಡೆದೇ ಇರಲಿಲ್ಲವೆಂಬಂತೆ ಕಂಡಿತು. ರಾತ್ರಿ ದೀಪ ಹಾಕಿದೆ. ಬೆಸುಗೆ ಕಪ್ಪು ಕೂದಲಿನಂತೆ ಮೂಡಿತು. ಹಾಲುಗಾಜು ಬೆಳಕನ್ನು ಚದುರಿಸಿ ಹಾಯಗೊಡುತ್ತದೆ; ನಾನು ಬೆರೆಸಿದ ಪುಡಿ ಅದನ್ನು ತಡೆದಿತ್ತು.

ದೂರದ ಊರಿನ ಸಂಗ್ರಾಹಕರೊಬ್ಬರು ಅದನ್ನು ಕೊಳ್ಳಲು ಒಪ್ಪಿದ್ದರು. ಹಗಲಿನ ಚಿತ್ರವನ್ನಷ್ಟೇ ಕಳುಹಿಸಿದರೆ ಸಾಕಲ್ಲವೇ ಎಂದು ಒಂದು ದಿನ ಯೋಚಿಸಿದ್ದುಂಟು. ಆದರೆ ಬೆಸೆದ ಕತ್ತು ತಿರುಪಿನ ಬಿಗಿಯನ್ನು ತಾಳದು; ಬಲ್ಬಿನ ಕಾವಿಗೆ ಅಂಟು ಮೆತ್ತಗಾದೀತು. ತಿಳಿಯದವರ ಕೈಯಲ್ಲಿ ಆ ಬುರುಡೆ ಮತ್ತೆ ಒಡೆಯುವುದೇ ಸರಿ. ದೀಪ ಹಾಕಿದ ಚಿತ್ರವನ್ನೂ ಕಳುಹಿಸಿದೆ. ಅವರು ಬೆಲೆಯನ್ನು ಇಳಿಸಿದರು, ಬುರುಡೆಯನ್ನು ಬೇಡವೆನ್ನಲಿಲ್ಲ.

ಇನ್ನು ಪ್ರಯಾಣ. ಸುತ್ತಲು ಬಿಳಿಯ ಮೃದು ಕಾಗದ. ವೃತ್ತಪತ್ರಿಕೆಯ ಮಸಿ ಗಾಜಿಗೆ ಹತ್ತುತ್ತದೆ. ಟೊಳ್ಳಿನೊಳಗೆ ಹಗುರವಾಗಿ ಮುದುಡಿದ ಕಾಗದ. ಗಿಡಿದು ತುಂಬಿದರೆ ಅದೇ ಒಳಗಿನಿಂದ ನೂಕುತ್ತದೆ. ಭಾರ ಕತ್ತಿನ ಮೇಲೆ ಬೀಳದಂತೆ ಕೆಳಗೆ ದಪ್ಪ ಮೆತ್ತೆ. ಪೆಟ್ಟಿಗೆಯೊಳಗೆ ಪೆಟ್ಟಿಗೆ, ಎರಡರ ನಡುವೆ ಎಲ್ಲ ಕಡೆಗೂ ನಾಲ್ಕು ಬೆರಳಿನ ಮೆತ್ತೆ. ಸಡಿಲವಾದ ಫೋಮಿನ ಗುಂಡುಗಳನ್ನಷ್ಟೇ ನಂಬಿದರೆ ಭಾರವಾದ ಗಾಜು ದಾರಿಯಲ್ಲಿ ತಳ ಸೇರುತ್ತದೆ. ಬಿಡಿ ಫಲಕಗಳಿದ್ದರೆ ಅವನ್ನು ಕಳಚಿ, ಬೇರೆಯಾಗಿ, ಅಂಚಿನ ಮೇಲೆ ನಿಲ್ಲಿಸಿ ಕಟ್ಟಬೇಕು. ಕೊನೆಗೆ ಪೆಟ್ಟಿಗೆಯನ್ನು ಮೆಲ್ಲನೆ ಅಲುಗಿಸಬೇಕು. ಒಳಗೆ ಏನೂ ಸರಿದಾಡಬಾರದು.

ಬುರುಡೆ ತಲುಪಿದ ರಾತ್ರಿ ಅವರು ಒಳಗೆ ತಣ್ಣನೆಯ ದೀಪವೊಂದನ್ನು ಹಾಕಿ ಚಿತ್ರ ಕಳುಹಿಸಿದರು. ಕಪ್ಪು ಗೆರೆ ಇದ್ದಲ್ಲಿಯೇ ಇತ್ತು. ಅದರ ಪಕ್ಕದಲ್ಲಿ ಹೊಸ ಗೆರೆಯೊಂದು ಇರಲಿಲ್ಲ.