ಪರದೇಶದ ಸಭೆಯಲ್ಲಿ ಜಪಾನೀ ಮಾತಿನ ಬ್ರಾಡ್‌ವೇ ನಾಟಕ

ಬ್ರಾಡ್‌ವೇ ಎಂಬುದು ನ್ಯೂಯಾರ್ಕ್ ನಗರದ ಒಂದು ಬೀದಿ. ಅದರ ಆಸುಪಾಸಿನ ನಾಟಕಗೃಹಗಳಲ್ಲಿ ಬೆಳೆದುಬಂದ, ಮಾತು, ಹಾಡು, ಕುಣಿತ ಮೂರೂ ಒಂದೇ ಕಥೆಗೆ ದುಡಿಯುವ ಸಂಗೀತನಾಟಕಕ್ಕೂ ಅದೇ ಹೆಸರು ಅಂಟಿಕೊಂಡಿದೆ. ಇಂಥ ನಾಟಕಗಳನ್ನು ಜಪಾನೀಯರು ತಮ್ಮ ಭಾಷೆಗೆ ತಿರುಗಿಸಿಕೊಂಡು ಆಡುವುದು ಹೊಸತಲ್ಲ. 1963ರಲ್ಲಿ ‘ಮೈ ಫೇರ್ ಲೇಡಿ’ ಟೋಕಿಯೋದಲ್ಲಿ ರಂಗವೇರಿದಂದಿನಿಂದ ಅದು ನಡೆದುಬಂದಿದೆ. ಆದರೆ ಆ ಜಪಾನೀ ಪ್ರಯೋಗವನ್ನೇ ನ್ಯೂಯಾರ್ಕಿಗೆ ಒಯ್ದು, ಜಪಾನೀ ಅರಿಯದವರ ಮುಂದೆ ಆಡುವುದೆಂದರೆ ಕಮ್ಮಾರರ ಕೇರಿಯಲ್ಲಿ ಸೂಜಿ ಮಾರಿದ ಹಾಗೆ. ಹೀಗಿದ್ದರೂ ಅಂಥ ಸಾಹಸ ನಡೆಯಿತು, ಅದೂ ಒಮ್ಮೆಯಲ್ಲ.

ಅವುಗಳಲ್ಲಿ ಅತ್ಯಂತ ವಿಚಾರಾರ್ಹವಾದುದು ‘ಪೆಸಿಫಿಕ್ ಓವರ್‌ಚರ್ಸ್’. ಇದಕ್ಕೆ ಹಾಡು ಮತ್ತು ಸಂಗೀತವನ್ನು ರಚಿಸಿದವರು ಸ್ಟೀಫನ್ ಸೊಂಡ್‌ಹೈಮ್. ಗದ್ಯಭಾಗ ಜಾನ್ ವೈಡ್‌ಮನ್ ಅವರದು. ಹೆರಾಲ್ಡ್ ಪ್ರಿನ್ಸ್ ಅವರ ನಿರ್ದೇಶನದಲ್ಲಿ 1976ರ ಜನವರಿಯಲ್ಲಿ ಬ್ರಾಡ್‌ವೇಯಲ್ಲಿ ಮೊದಲಾಗಿ, 193 ಪ್ರಯೋಗಗಳಿಗೆ ನಿಂತಿತು. ಕಥಾವಸ್ತು ಜಪಾನಿನದೇ. ಎರಡು ಶತಮಾನಗಳಿಗೂ ಮೀರಿ ಹೊರಗಿನವರಿಗೆ ಬಾಗಿಲು ಮುಚ್ಚಿಕೊಂಡಿದ್ದ ಆ ದೇಶದ ತೀರಕ್ಕೆ 1853ರ ಜುಲೈ ತಿಂಗಳಲ್ಲಿ ಅಮೆರಿಕದ ನೌಕಾಧಿಪತಿ ಪೆರಿಯು ನಾಲ್ಕು ಯುದ್ಧನೌಕೆಗಳೊಡನೆ ಬಂದು ನಿಂತನಷ್ಟೆ. ಮುಂದಿನ ವರ್ಷ ಕನಗಾವಾ ಒಪ್ಪಂದವಾಯಿತು. ಆ ಕಾಲದ ಇಬ್ಬರು ಸಾಮಾನ್ಯರ ಬಾಳು ಹೇಗೆ ತಿರುವುಮುರುವಾಯಿತೆಂಬುದನ್ನು ನಾಟಕವು ಹೇಳುತ್ತದೆ. ಚಿಕ್ಕ ಅಧಿಕಾರದ ಸಮುರಾಯಿ ಕಯಾಮಾ ಬರಬರುತ್ತ ಪಶ್ಚಿಮದ ವೇಷಕ್ಕೆ ಒಲಿಯುತ್ತಾನೆ. ಅಮೆರಿಕವನ್ನು ಕಂಡುಬಂದ ಬೆಸ್ತ ಮಂಜಿರೋ ಕಟ್ಟಾ ಸಂಪ್ರದಾಯಸ್ಥನಾಗಿ, ಕಡೆಗೆ ಗೆಳೆಯನನ್ನೇ ಕೊಲ್ಲುತ್ತಾನೆ.

ಪ್ರಿನ್ಸ್ ಅವರು ಇದನ್ನು ಕಬೂಕಿ ಪದ್ಧತಿಯಲ್ಲಿ, ಹೆಣ್ಣುಪಾತ್ರಗಳನ್ನೂ ಬಹುಮಟ್ಟಿಗೆ ಗಂಡಸರಿಂದಲೇ ಆಡಿಸಿದರು. ಹೀಗಾಗಿ ಅದು ಅಮೆರಿಕನ್ನರು ಇಂಗ್ಲಿಷಿನಲ್ಲಿ ಊಹಿಸಿದ ಜಪಾನು. 2000ದಲ್ಲಿ ಅಮೋನ್ ಮಿಯಾಮೊಟೊ ಎಂಬ ಜಪಾನೀ ನಿರ್ದೇಶಕರು ಟೋಕಿಯೋದ ಹೊಸ ರಾಷ್ಟ್ರೀಯ ರಂಗಮಂದಿರದಲ್ಲಿ ಅದನ್ನು ಜಪಾನೀಯಲ್ಲಿ ಆಡಿಸಿದರು. ಕಬೂಕಿಯ ವೈಭವವನ್ನು ಬಿಟ್ಟು, ನೋ ನಾಟಕದ ಬರಿದಾದ ಮರದ ವೇದಿಕೆಯ ಮಾದರಿಯನ್ನು ಹಿಡಿದರು. ಈ ಪ್ರಯೋಗವೇ 2002ರ ಜುಲೈಯಲ್ಲಿ ನ್ಯೂಯಾರ್ಕಿನ ಲಿಂಕನ್ ಸೆಂಟರ್ ಉತ್ಸವಕ್ಕೂ, ಸೆಪ್ಟೆಂಬರಿನಲ್ಲಿ ವಾಷಿಂಗ್ಟನ್ನಿನ ಕೆನೆಡಿ ಸೆಂಟರಿಗೂ ಹೋಯಿತು. ಅಮೆರಿಕನ್ನರು ಬರೆದ ಜಪಾನೀಯರ ಕಥೆಯನ್ನು ಜಪಾನೀಯರು ಜಪಾನೀಯಲ್ಲಿ ಹಾಡಿದರು. ಅದನ್ನು ಅಮೆರಿಕನ್ನರು ರಂಗದ ಮೇಲಣ ಇಂಗ್ಲಿಷ್ ಅಕ್ಷರಗಳ ನೆರವಿನಿಂದ ಅರಿತರು.

ಹಾಡಿನ ಅನುವಾದವೇ ಇಲ್ಲಿಯ ನಿಜವಾದ ಕಷ್ಟ. ಗದ್ಯವನ್ನು ಹೇಗಾದರೂ ತಿರುಗಿಸಬಹುದು. ಹಾಡಿಗೆ ಮಟ್ಟು ಮೊದಲೇ ಗೊತ್ತಾಗಿರುತ್ತದೆ. ಮರಾಠಿ ರಂಗಗೀತೆಗಳ ಧಾಟಿಗೆ ಕನ್ನಡ ಮಾತು ಕೂಡಿಸಿದ ನಮ್ಮ ಕಂಪನಿ ಕವಿಗಳಿಗೆ ಈ ಸಂಕಟ ತಿಳಿದಿತ್ತು. ಇಂಗ್ಲಿಷಿನಲ್ಲಿ ಒಂದೊಂದು ಅಕ್ಷರವೇ ಒಂದು ಪೂರ್ಣ ಪದವಾಗಬಲ್ಲುದು. ‘ಐ ಲವ್ ಯೂ’ ಎಂಬುದು ಮೂರು ಸ್ವರಗಳಲ್ಲಿ ಮುಗಿಯುತ್ತದೆ. ಜಪಾನೀಯಲ್ಲಿ ಕರ್ತೃ ಕರ್ಮಗಳೆರಡನ್ನೂ ಬಿಟ್ಟು ಕ್ರಿಯಾಪದವೊಂದನ್ನೇ ಹೇಳಿದರೂ, ‘ಆ-ಇ-ಶಿ-ತೆ-ಇ-ರು’ ಎಂದು ಆರು ಬೇಕು. ಅಂದಮೇಲೆ ಒಂದು ಸಾಲಿನ ಅರ್ಥದಲ್ಲಿ ಅರ್ಧವನ್ನು ಅನುವಾದಕನು ಕೈಬಿಡಲೇಬೇಕು. ಯಾವ ಅರ್ಧವನ್ನು ಎಂಬುದರಲ್ಲಿಯೇ ಅವನ ಯೋಗ್ಯತೆ.

ಛಂದಸ್ಸನ್ನು ಪಾಠಹೇಳುವ ಮಿತ್ರರಿಗೆ ಒಂದು ಮಾತು ಸ್ವಾರಸ್ಯವೆನಿಸೀತು. ಜಪಾನೀ ಭಾಷೆಯ ಎಣಿಕೆಯು ನಮ್ಮ ಮಾತ್ರಾಗಣದ ಎಣಿಕೆಗೆ ಬಹು ಹತ್ತಿರ. ‘ನಿಪ್ಪೊನ್’ ಎಂಬ ಪದವನ್ನು ಅವರು ನಿ, ಪ್, ಪೊ, ನ್ ಎಂದು ನಾಲ್ಕಾಗಿ ಎಣಿಸುತ್ತಾರೆ. ನಾವು ಎರಡು ಗುರುಗಳೆಂದು ಪ್ರಸ್ತಾರ ಹಾಕಿದರೂ ನಾಲ್ಕೇ ಮಾತ್ರೆ. ಕ್ರಿಯಾಪದವು ವಾಕ್ಯದ ಕೊನೆಗೆ ಬರುವುದೂ ನಮ್ಮಂತೆಯೇ. ಇಂಗ್ಲಿಷ್ ಹಾಡಿನಲ್ಲಿ ನಗು ತರಿಸುವ ಪದವು ಸಾಲಿನ ತುದಿಯಲ್ಲಿ ಪ್ರಾಸವಾಗಿ ನಿಂತಿದ್ದರೆ, ಇಲ್ಲಿ ಆ ಸ್ಥಳವನ್ನು ಕ್ರಿಯಾಪದವು ಆಕ್ರಮಿಸಿಬಿಡುತ್ತದೆ. ಸಾಲದೆಂಬಂತೆ ಸ್ವರದ ಏರಿಳಿತದಿಂದಲೂ ಅರ್ಥ ಬೇರೆಯಾಗುತ್ತದೆ: ಟೋಕಿಯೋದ ಉಚ್ಚಾರಣೆಯಲ್ಲಿ ‘ಹಶಿ’ ಎಂಬುದು ಮೇಲಿನಿಂದ ಇಳಿದರೆ ಊಟದ ಕಡ್ಡಿ, ಕೆಳಗಿನಿಂದ ಏರಿದರೆ ಸೇತುವೆ. ಮಟ್ಟು ಇಳಿಯುವಲ್ಲಿ ಸೇತುವೆಯನ್ನು ಇಟ್ಟರೆ ಕೇಳುವವನು ಕಡ್ಡಿ ಹಿಡಿದಾನು!

ಉಚ್ಚಾರದ ಹಾಸ್ಯವಂತೂ ಅನುವಾದಕ್ಕೆ ಸುಲಭವಾಗಿ ಸಿಕ್ಕುವುದಿಲ್ಲ. ‘ಮೈ ಫೇರ್ ಲೇಡಿ’ಯ ಹೂ ಮಾರುವ ಹುಡುಗಿ ಹಕಾರವನ್ನು ನುಂಗುತ್ತಾಳೆ. ‘ಹಾಲು’ ಎಂಬುದನ್ನು ‘ಆಲು’ ಎನ್ನುವ ಮಕ್ಕಳನ್ನು ತಿದ್ದಿದ ಉಪಾಧ್ಯಾಯರಿಗೆ ಅವಳ ಪರಿಚಯ ಬೇಕಿಲ್ಲ. ಟೋಕಿಯೋದ ಹಳೆಯ ಪೇಟೆಯವರ ಬಾಯಲ್ಲಿ ‘ಹಿ’ಯು ‘ಶಿ’ಯಾಗುವ ರೂಢಿಯಿರುವುದರಿಂದ ಅಲ್ಲಿ ಜಪಾನೀಯರಿಗೆ ದಾರಿ ದೊರೆಯಿತು. ‘ಪೆಸಿಫಿಕ್ ಓವರ್‌ಚರ್ಸ್’ನಲ್ಲಿ ಐದು ದೇಶಗಳ ನೌಕಾಧಿಪತಿಗಳು ತಂತಮ್ಮ ದೇಶದ ಸಂಗೀತದ ಶೈಲಿಯಲ್ಲಿ ಹಾಡುವ ಪ್ರಸಂಗವಿದೆ, ಅಲ್ಲಿ ಮಾತಿನ ಹಾಸ್ಯ ಕುಂದಿದರೂ ಸಂಗೀತವೇ ಅಣಕವನ್ನು ಉಳಿಸಿಕೊಡುತ್ತದೆ.

ಇನ್ನು ಮೇಲಣ ಅಕ್ಷರಫಲಕ. ಗೀತನಾಟಕಕ್ಕೆ ಇದನ್ನು 1983ರಲ್ಲಿ ಟೊರೊಂಟೋದ ಕೆನಡಿಯನ್ ಆಪೆರಾ ಕಂಪನಿಯು ಮೊದಲು ಬಳಕೆಗೆ ತಂದಿತು. ಉಪಕಾರಿಯಾದರೂ ಇದು ಕಣ್ಣನ್ನು ನಟನಿಂದ ಕದಿಯುತ್ತದೆ. ಓದುವುದು ಕೇಳುವುದಕ್ಕಿಂತ ಬೇಗ. ನಟನು ಮಾತು ಮುಗಿಸುವ ಮೊದಲೇ ಸಭೆ ನಕ್ಕುಬಿಡುತ್ತದೆ. ಆದುದರಿಂದ ಫಲಕವನ್ನು ನಡೆಸುವವನಿಗೆ ಮೃದಂಗದವನಷ್ಟೇ ತಾಳಜ್ಞಾನ ಬೇಕೆಂದು ನನ್ನ ಅಭಿಪ್ರಾಯ.

ಈ ನಾಟಕದಲ್ಲಿಯೇ ಇದಕ್ಕೊಂದು ಸೊಗಸಾದ ಪ್ರತಿಮೆ ಸಿಕ್ಕುತ್ತದೆ. ಪೆರಿಯೊಡನೆ ಮಾತುಕತೆ ನಡೆದ ಮನೆಯೊಳಗೆ ಏನಾಯಿತೆಂಬುದಕ್ಕೆ ಜಪಾನೀಯರ ದಾಖಲೆಯಿಲ್ಲವೆನ್ನುತ್ತಾನೆ ಸೂತ್ರಧಾರ. ಆಗ ಒಬ್ಬ ಮುದುಕನು ಬಂದು, ತಾನು ಹುಡುಗನಾಗಿದ್ದಾಗ ಮರವೇರಿ ಕಂಡೆನೆನ್ನುತ್ತಾನೆ. ನೆಲದ ಹಲಗೆಗಳ ಕೆಳಗೆ ಅಡಗಿದ್ದ ಯೋಧನು ಕೇಳಿದೆನೆನ್ನುತ್ತಾನೆ. ಕಂಡವನಿಗೆ ಕೇಳಿಸದು, ಕೇಳಿದವನಿಗೆ ಕಾಣದು. ಸೊಂಡ್‌ಹೈಮ್ ಅವರು ತಮ್ಮ ಹಾಡುಗಳಲ್ಲಿ ಇದನ್ನು ಬಹಳ ಮೆಚ್ಚಿಕೊಂಡಿದ್ದರು. ಜಪಾನೀ ಅರಿಯದೆ ಕುಳಿತ ನ್ಯೂಯಾರ್ಕಿನ ಪ್ರೇಕ್ಷಕನು ಸ್ವತಃ ಆ ಮರದ ಮೇಲಣ ಹುಡುಗನಾಗಿದ್ದನು.

ಭಾಷೆ ಬದಲಾದುದರಿಂದ ದೃಷ್ಟಿಯೂ ಬದಲಾಯಿತು. ಮಿಯಾಮೊಟೊ ಅವರು ಪೆರಿಯ ಆಗಮನದಲ್ಲಿ ಅಮೆರಿಕದ ಬೃಹದ್ಧ್ವಜವನ್ನು ಪ್ರೇಕ್ಷಕರ ತಲೆಯ ಮೇಲೆಯೇ ಹರಡಿಸಿದರು. ಸುಂಕ, ಬಂದರು, ಒಪ್ಪಂದ ಎಂದು ಪುಸ್ತಕದಲ್ಲಿ ಓದಿದ್ದು, ಹಡಗಿನ ನೆರಳು ಬಿದ್ದವನಿಗೆ ಹೇಗೆ ಕಂಡಿತೆಂಬುದು ಕ್ಷಣದಲ್ಲಿ ತಿಳಿಯುವಂತಾಯಿತು. ಇದಕ್ಕೆ ಅನುವಾದ ಬೇಕಾಗಲಿಲ್ಲ.

ಇನ್ನೊಂದು ಬಗೆಯ ಪ್ರಯೋಗ 2016ರ ಜುಲೈಯಲ್ಲಿ ಅದೇ ಉತ್ಸವದಲ್ಲಿ ನಡೆಯಿತು. 1913ರಲ್ಲಿ ರೈಲ್ವೆ ಉದ್ಯಮಿ ಕೊಬಯಾಶಿ ಇಚಿಜೋ ಸ್ಥಾಪಿಸಿದ ತಕರಜೂಕಾ ಮಂಡಳಿಯಲ್ಲಿ ಗಂಡುಪಾತ್ರಗಳನ್ನೂ ಸ್ತ್ರೀಯರೇ ಧರಿಸುತ್ತಾರೆ. ಅದರ ಮಾಜಿ ನಟಿಯರು ‘ಚಿಕಾಗೋ’ ನಾಟಕವನ್ನು ಜಪಾನೀಯಲ್ಲಿ ಆಡಿ, ಕೊನೆಗೆ ತಮ್ಮ ಸಂಪ್ರದಾಯದ ಹಾಡುಕುಣಿತವನ್ನೂ ಜೋಡಿಸಿದರು. ಇಲ್ಲಿ ಕಥೆಯು ಪ್ರೇಕ್ಷಕರಿಗೆ ಮೊದಲೇ ಪಾಠವಾಗಿತ್ತು. ಅವರು ಬಂದದ್ದು ಪುರುಷಪಾತ್ರದ ಠೀವಿಯನ್ನು ನೋಡಲು. ರಂಜನೆಗೆ ಕೊರತೆಯಿಲ್ಲದಿದ್ದರೂ, ಹಳೆಯ ನಾಟಕದಿಂದ ಹೊಸ ಅರ್ಥವನ್ನು ಹೊರಡಿಸುವುದರಲ್ಲಿ ‘ಪೆಸಿಫಿಕ್ ಓವರ್‌ಚರ್ಸ್’ಗೆ ಇದು ಸಮವೆಂದು ನಾನು ಹೇಳಲಾರೆ.

ಮಿಯಾಮೊಟೊ ಅವರನ್ನು 2004ರಲ್ಲಿ ಬ್ರಾಡ್‌ವೇಗೇ ಕರೆಸಿಕೊಂಡರು. ಅದೇ ನಾಟಕವನ್ನು, ಬಹುಮಟ್ಟಿಗೆ ಅದೇ ವಿನ್ಯಾಸದಲ್ಲಿ, ಏಷ್ಯಾ ಮೂಲದ ಅಮೆರಿಕನ್ ನಟರಿಂದ ಇಂಗ್ಲಿಷಿನಲ್ಲಿ ಆಡಿಸಿದರು. ಫಲಕದ ತೊಡಕಿರಲಿಲ್ಲ, ಸೊಂಡ್‌ಹೈಮರ ಪ್ರಾಸಗಳೆಲ್ಲ ಕಿವಿಗೇ ದೊರೆತವು. ಆದಾಗ್ಯೂ ಎರಡು ವರ್ಷ ಹಿಂದಿನ, ತಮಗೆ ಅರ್ಥವಾಗದ ಭಾಷೆಯ ಪ್ರಯೋಗವೇ ಹೆಚ್ಚು ಬಿಗಿಯಾಗಿತ್ತೆಂದ ವಿಮರ್ಶಕರು ನ್ಯೂಯಾರ್ಕಿನಲ್ಲಿಯೇ ಇದ್ದರು.