ವಿಶ್ವನಾಥರ ಸ್ಥಾನನಿರ್ಣಯ

ಕ್ರೀಡಾಪಟುಗಳನ್ನು ಸಾಲಾಗಿ ನಿಲ್ಲಿಸಿ, ಸರ್ವಕಾಲಕ್ಕೂ ಇವನು ಮೊದಲನೆಯವನು, ಅವನು ಹತ್ತನೆಯವನು ಎಂದು ಅಂಕೆ ಹಾಕುವ ಹವ್ಯಾಸವು ಈಗ ಲೋಕದಲ್ಲೆಲ್ಲ ಹಬ್ಬಿರುತ್ತದೆ. ಈ ಸಾಲುಗಳಲ್ಲಿ ಶ್ರೀ ಗುಂಡಪ್ಪ ವಿಶ್ವನಾಥರಿಗೆ ಸಲ್ಲುವ ಸ್ಥಾನವು ಯಾವುದೆಂಬ ಚರ್ಚೆ ಕನ್ನಡಿಗರಲ್ಲಿ ಇಂದಿಗೂ ನಿಂತಿಲ್ಲ. 1949ರಲ್ಲಿ ಭದ್ರಾವತಿಯಲ್ಲಿ ಜನಿಸಿದ ಅವರು, ಭದ್ರಾ ನಾಲೆಯ ನೀರುಣ್ಣುವ ಚನ್ನಗಿರಿ ಸೀಮೆಯವರಿಗೆ ನೆರೆಯೂರಿನವರೇ ಸರಿ. ಆದುದರಿಂದ ನಲ್ಲೂರಿನಂಥ ಊರುಗಳಲ್ಲಿ ಈ ಚರ್ಚೆಗೆ ಅಭಿಮಾನದ ಕಾವು ಸ್ವಲ್ಪ ಹೆಚ್ಚು. ಅಭಿಮಾನವು ದೋಷವಲ್ಲ, ಆದರೆ ಅದು ನ್ಯಾಯಪೀಠವನ್ನೇರಬಾರದು.

ಮೊದಲು ಪ್ರತಿಪಕ್ಷದ ವಾದವನ್ನು ಕೇಳೋಣ. ವಿಶ್ವನಾಥರು 1969ರಿಂದ 1983ರವರೆಗೆ 91 ಟೆಸ್ಟ್ ಪಂದ್ಯಗಳಲ್ಲಿ 14 ಶತಕಗಳೊಡನೆ 6080 ರನ್ನುಗಳನ್ನು ಗಳಿಸಿದರು, ಸರಾಸರಿ 41.93. ಅವರ ಸಮಕಾಲೀನರಾದ ಗಾವಸ್ಕರರ ಗಳಿಕೆ 10,122, ಸರಾಸರಿ 51.12. ಕರ್ನಾಟಕದವರೇ ಆದ ರಾಹುಲ್ ದ್ರಾವಿಡರದು 13,288, ಸರಾಸರಿ 52.31. ಪರದೇಶಗಳಲ್ಲಿ ವಿಶ್ವನಾಥರ ಸರಾಸರಿಯು ಸ್ವದೇಶದಲ್ಲಿದ್ದುದಕ್ಕಿಂತ ಕಡಿಮೆ. 1982-83ರ ಪಾಕಿಸ್ತಾನದ ಪ್ರವಾಸದಲ್ಲಿ ಅವರ ಆಟವು ಕುಂದಿತು. ಅಲ್ಲಿಗೇ ಅವರ ಟೆಸ್ಟ್ ಜೀವನವೂ ಮುಗಿಯಿತು. ಈ ಲೆಕ್ಕದಲ್ಲಿ ಸುಳ್ಳಿಲ್ಲ. ಲೆಕ್ಕವು ಪೂರ್ತಿಯಾಗಿದೆಯೇ ಎಂಬುದೊಂದೇ ಪ್ರಶ್ನೆ.

ಅಡಿಕೆಯ ವ್ಯವಹಾರವನ್ನು ಬಲ್ಲ ನಮ್ಮ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ರಾಶಿ, ಬೆಟ್ಟೆ, ಗೊರಬಲು, ಸರಕು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ, ತಕ್ಕಡಿಯ ಮುಳ್ಳನ್ನು ಮಾತ್ರ ನೋಡಿ ಬೆಲೆ ಕಟ್ಟುವವನು ಯಾವ ಮಂಡಿಯಲ್ಲಿಯೂ ಬಾಳಲಾರನು. ಮುಷ್ಟಿಯುದ್ಧದ ಪ್ರಪಂಚದಲ್ಲಿಯೂ ಇದೇ ನ್ಯಾಯ. ರಾಕಿ ಮಾರ್ಸಿಯಾನೊ 49 ಕಾಳಗಗಳಲ್ಲಿ ಒಂದನ್ನೂ ಸೋಲದೆ 1956ರಲ್ಲಿ ನಿವೃತ್ತನಾದನು. ಮಹಮ್ಮದ್ ಅಲಿಯು 61ರಲ್ಲಿ ಐದನ್ನು ಸೋತನು. ಆದರೂ ಅನೇಕ ವಿಮರ್ಶಕರು ಅಲಿಯನ್ನೇ ಮೇಲಿಡುವರು. 1974ರಲ್ಲಿ ಕಿನ್ಷಾಸಾ ನಗರದಲ್ಲಿ, ಅದುವರೆಗೆ ಸೋಲನ್ನೇ ಕಾಣದಿದ್ದ ಫೋರ್ಮನ್ನನನ್ನು ಅವನು ಕೆಡವಿದ್ದು ಅವರ ಮುಖ್ಯ ಆಧಾರಗಳಲ್ಲೊಂದು. ಎಷ್ಟು ಗೆದ್ದನೆಂಬುದರ ಜೊತೆಗೆ ಯಾರನ್ನು, ಯಾವ ಹೊತ್ತಿನಲ್ಲಿ ಗೆದ್ದನೆಂಬುದನ್ನೂ ಕೇಳಬೇಕೆಂಬುದು ಅವರ ವಾದ.

ಇದೇ ಪ್ರಶ್ನೆಯನ್ನು ವಿಶ್ವನಾಥರ ಬಗ್ಗೆ ಕೇಳೋಣ. 1975ರ ಜನವರಿಯಲ್ಲಿ ಮದರಾಸಿನ ಚೆಪಾಕ್ ಮೈದಾನದಲ್ಲಿ ವೆಸ್ಟ್ ಇಂಡೀಸಿನ ಆಂಡಿ ರಾಬರ್ಟ್ಸನು 64 ರನ್ನುಗಳಿಗೆ ಏಳು ವಿಕೆಟ್ಟುಗಳನ್ನು ಕಿತ್ತನು. ಗಾಯಗೊಂಡಿದ್ದ ಗಾವಸ್ಕರರು ತಂಡದಲ್ಲಿರಲಿಲ್ಲ. ಭಾರತದ ಮೊತ್ತ 190. ಅದರಲ್ಲಿ ವಿಶ್ವನಾಥರೊಬ್ಬರದೇ ಅಜೇಯ 97. ಉಳಿದವರಲ್ಲಿ ಅತ್ಯಧಿಕ ಗಳಿಕೆ 19. ಕೊನೆಯ ಜೊತೆಗಾರನು ಔಟಾದಾಗ ಶತಕಕ್ಕೆ ಮೂರೇ ರನ್ನು ಬಾಕಿ. ಶತಕಗಳ ಪಟ್ಟಿಯಲ್ಲಿ ಈ ಆಟಕ್ಕೆ ಜಾಗವಿಲ್ಲ. ಆದರೆ ಭಾರತವು ಆ ಪಂದ್ಯವನ್ನು 100 ರನ್ನುಗಳಿಂದ ಗೆದ್ದಿತು. 1976ರಲ್ಲಿ ಪೋರ್ಟ್ ಆಫ್ ಸ್ಪೇನಿನಲ್ಲಿ ನಾಲ್ಕನೆಯ ಸರದಿಯಲ್ಲಿ 406 ರನ್ನು ಗಳಿಸಿ ಭಾರತವು ಗೆದ್ದಾಗ ಅವರ ಪಾಲು 112. 1981ರಲ್ಲಿ ಮೆಲ್ಬರ್ನಿನಲ್ಲಿ ಭಾರತದ 237ರಲ್ಲಿ 114 ಅವರದು, ಅಲ್ಲಿಯೂ ಜಯ. ಅವರ 14 ಶತಕಗಳ ಪಂದ್ಯಗಳಲ್ಲಿ ನಾಲ್ಕು ಗೆಲುವು, ಹತ್ತು ಸಮ. ಸೋಲು ಒಂದೂ ಇಲ್ಲ. ಈ ಸಂಗತಿಯು ಸರಾಸರಿಯ ಕಾಲಂನಲ್ಲಿ ಎಲ್ಲಿಯೂ ಕಾಣಬರುವುದಿಲ್ಲ.

2001ರಲ್ಲಿ ವಿಸ್ಡನ್ ಸಂಸ್ಥೆಯು ಸನ್ನಿವೇಶಗಳನ್ನು ತೂಗಿ ಟೆಸ್ಟ್ ಇತಿಹಾಸದ ನೂರು ಶ್ರೇಷ್ಠ ಆಟಗಳನ್ನು ಆರಿಸಿತು. ಚೆಪಾಕಿನ 97ಕ್ಕೆ ಅದರಲ್ಲಿ 38ನೆಯ ಸ್ಥಾನ. ಶತಕ ಮುಟ್ಟದ ಆಟಗಳಲ್ಲಿ ಎರಡನೆಯದು. ನಮ್ಮ ಜನರು ಹಿಗ್ಗಿದರು. ಆದರೆ ಅದೇ ಪಟ್ಟಿಯಲ್ಲಿ ಸಚಿನ್ ತೆಂಡೂಲ್ಕರರ ಒಂದು ಆಟವೂ ಇರಲಿಲ್ಲವೆಂದು ದೇಶದಲ್ಲಿ ಕೂಗೆದ್ದಿತು. ನಮಗೆ ಹಿತವಾದ ಸಾಲನ್ನು ಮಾತ್ರ ನಂಬಿ, ಅಹಿತವಾದುದನ್ನು ಹಳಿಯುವುದು ವಿವೇಕಿಗಳ ಲಕ್ಷಣವಲ್ಲ. ಆ ಪಟ್ಟಿಯೂ ಮನುಷ್ಯರು ಮಾಡಿದ ಒಂದು ತಕ್ಕಡಿ; ವೇದವಾಕ್ಯವಲ್ಲ.

ಹಾಗಾದರೆ ನಮ್ಮ ತೀರ್ಪೇನು? ದೀರ್ಘಕಾಲ ಎಡೆಬಿಡದೆ ರನ್ನುಗಳ ರಾಶಿಯನ್ನು ಒಟ್ಟಿದವರ ಸಾಲಿನಲ್ಲಿ ವಿಶ್ವನಾಥರು ಗಾವಸ್ಕರರಿಗೂ ದ್ರಾವಿಡರಿಗೂ ಕೆಳಗೆ. ಇದನ್ನು ಒಪ್ಪಲು ಕನ್ನಡಿಗರು ಸಂಕೋಚಪಡಬೇಕಾಗಿಲ್ಲ. ಆದರೆ ತಂಡವು ಮುಳುಗುವ ಸಮಯದಲ್ಲಿ, ಎದುರಾಳಿಯು ಉಗ್ರನಾಗಿದ್ದಾಗ ನಿಂತು ಕಾಯ್ದವರ ಸಾಲಿನಲ್ಲಿ ಅವರ ಸ್ಥಾನವು ಯಾವ ಭಾರತೀಯನಿಗಿಂತಲೂ ಕೆಳಗಿನದಲ್ಲವೆಂಬುದು ನಮ್ಮ ದೃಢವಾದ ಅಭಿಪ್ರಾಯ. ಸತತ ಹದಿನೈದು ವರ್ಷ ರಣಜಿ ಪಾರಿತೋಷಕವನ್ನು ಬಿಟ್ಟುಕೊಡದಿದ್ದ ಮುಂಬಯಿಯನ್ನು 1974ರ ಉಪಾಂತ್ಯ ಪಂದ್ಯದಲ್ಲಿ ಕರ್ನಾಟಕವು ಕೆಳಗಿಳಿಸಿದಾಗಲೂ 162 ರನ್ನು ಗಳಿಸಿದವರು ಅವರೇ.

ಇನ್ನೊಂದು ಮಾತು. 1980ರಲ್ಲಿ ಮುಂಬಯಿಯಲ್ಲಿ ನಡೆದ ಸುವರ್ಣ ಮಹೋತ್ಸವದ ಟೆಸ್ಟಿನಲ್ಲಿ ನಾಯಕರಾಗಿದ್ದ ಅವರು, ಅಂಪೈರು ಔಟೆಂದು ತೀರ್ಪಿತ್ತಿದ್ದ ಇಂಗ್ಲೆಂಡಿನ ಬಾಬ್ ಟೇಲರನನ್ನು ಹಿಂದಕ್ಕೆ ಕರೆಸಿದರು. 58ಕ್ಕೆ ಐದು ವಿಕೆಟ್ ಕಳೆದುಕೊಂಡಿದ್ದ ಇಂಗ್ಲೆಂಡಿಗೆ ಟೇಲರನೂ ಬೋಥಮನೂ ಕೂಡಿ 171 ರನ್ನು ಸೇರಿಸಿದರು, ಭಾರತವು ಸೋತಿತು. ಈ ಔದಾರ್ಯವನ್ನು ಬ್ಯಾಟಿಂಗಿನ ಲೆಕ್ಕಕ್ಕೆ ಸೇರಿಸಬೇಕೆನ್ನುವ ಅಭಿಮಾನಿಗಳುಂಟು. ಅದು ಸಲ್ಲದು. ಅದರ ಖಾತೆ ಬೇರೆ. ಆ ಖಾತೆಯಲ್ಲಿ ಅವರಿಗೆ ಸಮಾನರು ವಿರಳ.

ಜನತೆಯು ಯಾವುದನ್ನು ಎಣಿಸುವುದೋ ಯುವಕರು ಅದನ್ನೇ ಗಳಿಸಲು ಹವಣಿಸುವರು. ಸ್ವಂತ ಮೊತ್ತವನ್ನು ಮಾತ್ರ ನಾವು ಕೊಂಡಾಡಿದರೆ, ಆಟದಲ್ಲಿಯೂ ಕಛೇರಿಯಲ್ಲಿಯೂ ತನ್ನ ಮೊತ್ತವನ್ನಷ್ಟೇ ಕಾಯ್ದುಕೊಳ್ಳುವವರು ಹುಟ್ಟುವರು. ನಮ್ಮ ತಾಲ್ಲೂಕುಗಳ ಶಾಲಾ ಮೈದಾನಗಳಲ್ಲಿ ಬಹುಮಾನ ಹಂಚುವ ಮಹನೀಯರು, ಹೆಚ್ಚು ರನ್ನು ಗಳಿಸಿದ ಬಾಲಕನ ಜೊತೆಗೆ ತಂಡವು ಕಷ್ಟದಲ್ಲಿದ್ದಾಗ ಕೊನೆಯವರೆಗೂ ನಿಂತ ಬಾಲಕನನ್ನೂ ಕರೆದು ಗೌರವಿಸಲಿ. ಭದ್ರಾವತಿಯ ಆ ಮಹಾಪಟುವಿಗೆ ನಾವು ಸಲ್ಲಿಸಬಹುದಾದ ಯೋಗ್ಯ ಗೌರವವೂ ಅದೇ ಆಗಿರುತ್ತದೆ.